ಉಡಿ ತುಂಬಿದ ಮೇಲೆ ದರ

ಕೆಲಸಕ್ಕೆ ದರ ಹೇಳುವುದು ನನಗೆ ಎಂದೂ ಕಷ್ಟವಾಗಿಲ್ಲ. ಕೆಟ್ಟ ಪ್ರಿಂಟರಿಗೆ ಇಷ್ಟು, ಹೊಸ ಕ್ಯಾಮೆರಾ ಕೂಡಿಸಲು ಇಷ್ಟು, ಅಳಿಸಿಹೋದ ಲೆಕ್ಕವನ್ನು ಎತ್ತಿಕೊಡಲು ಇಷ್ಟು ಎಂದು ಎದುರಿನವರ ಮುಖ ನೋಡಿಯೇ ಹೇಳಬಲ್ಲೆ. ಜಾಸ್ತಿಯಾಯಿತು ಎಂದು ರಾಗ ಎಳೆದರೆ ಚೀಲ ಹೆಗಲಿಗೇರಿಸಿ ಎದ್ದು ಬರಬಲ್ಲೆ. ಕಷ್ಟವಾದದ್ದು ಕಾಯುವುದಕ್ಕೆ ದರ ಹೇಳುವುದು. ಬೈಲಹೊಂಗಲದಲ್ಲಿ ಕೂತು ಮೂರು ತಾಲೂಕಿನ ಕಂಪ್ಯೂಟರುಗಳು ಯಾವಾಗ ಕೆಡುತ್ತವೆಯೋ ಎಂದು ಕಾಯುವವಳು ನಾನು. ಅವು ಒಂದೂ ಕೆಡದ ತಿಂಗಳಲ್ಲಿ ನೀನೇನು ಮಾಡಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಎಲ್ಲಿಗೂ ಹೋಗಲಿಲ್ಲ. ಅದೇ ನಾನು ಮಾಡಿದ ಕೆಲಸ.

ಬಹಳ ವರ್ಷ ಒಂದು ಖಾಸಗಿ ಸಂಸ್ಥೆಯ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದೆ. ಒಂದು ದಿನ ಆ ವಿಭಾಗವೇ ಬೇಡವೆಂದು ಅವರು ತೀರ್ಮಾನಿಸಿದರು. ಮನೆಯಲ್ಲಿ ಹಪ್ಪಳ ಒಣಗಿಸುತ್ತ ಕೂರುವ ಜಾಯಮಾನ ನನ್ನದಲ್ಲ. ಸ್ಕೂಟರ್ ಇತ್ತು, ಕೈಯಲ್ಲಿ ವಿದ್ಯೆ ಇತ್ತು, ಸ್ವಂತ ಕೆಲಸ ಶುರು ಮಾಡಿದೆ. ಇನ್ನು ಮೇಲೆ ನಿನಗೆ ನೀನೇ ಸಾಹೇಬಳು ಎಂದು ಹೈಸ್ಕೂಲ್ ಮಾಸ್ತರರಾದ ನನ್ನ ಯಜಮಾನರು ಛೇಡಿಸಿದರು. ನಾನೂ ಹಾಗೆಯೇ ತಿಳಿದಿದ್ದೆ. ಕಿತ್ತೂರಿನ ಒಂದು ಸಣ್ಣ ಆಸ್ಪತ್ರೆ, ಸವದತ್ತಿಯ ಒಂದು ಪತ್ತಿನ ಸಂಘ, ನಮ್ಮೂರಿನ ಹತ್ತಿಯ ಜಿನ್ನಿಂಗ್ ಮಿಲ್ಲು, ಹೀಗೆ ಒಂದೊಂದಾಗಿ ಕೆಲಸಗಳು ಕೂಡಿಕೊಂಡವು. ಈ ಮೂರರಲ್ಲಿ ನನ್ನನ್ನು ಕಟ್ಟಿಹಾಕಿದ್ದು ಮಿಲ್ಲು.

ಅಲ್ಲಿಗೆ ಮೊದಲ ಸಲ ಹೋದದ್ದು ಹತ್ತಿಯ ಸುಗ್ಗಿಯಲ್ಲಿ. ಟ್ರ್ಯಾಕ್ಟರನ್ನು ಮಾಲಿನ ಸಮೇತ ತೂಗುವ ದೊಡ್ಡ ತಕ್ಕಡಿಗೆ ನಮ್ಮಲ್ಲಿ ಕಾಟಾ ಎನ್ನುತ್ತಾರೆ. ಗೇಟಿನ ಬಳಿಯ ಆ ಕಾಟಾ ಕಂಪ್ಯೂಟರಿಗೆ ತೂಕ ಕಳಿಸುವುದನ್ನು ನಿಲ್ಲಿಸಿತ್ತು. ಹತ್ತಿ ಹೇರಿದ ಟ್ರ್ಯಾಕ್ಟರುಗಳು ಗೇಟಿನಿಂದ ದೊಡ್ಡ ರಸ್ತೆಯವರೆಗೆ ನಿಂತಿದ್ದವು. ಬಿಸಿಲಿಗೆ ಕಾದ ರೈತರು ಮಿಲ್ಲಿನ ಮಾಲೀಕರಾದ ಸಾವಕಾರರ ಮನೆತನವನ್ನೆಲ್ಲ ಎತ್ತಿ ಬಯ್ಯುತ್ತಿದ್ದರು. ಮೇಜಿನ ಕೆಳಗೆ ತೂರಿ ನೋಡಿದರೆ ವೈರನ್ನು ಇಲಿ ಕಡಿದಿತ್ತು. ಬೇರೆ ವೈರು ಹಾಕಿ ಪರದೆಯ ಮೇಲೆ ತೂಕ ಮೂಡುವಂತೆ ಮಾಡಿ ಹೊರಗೆ ಬಂದಾಗ ಸಾವಕಾರರು ನನಗೆ ಕೈ ಮುಗಿದರು. ಅರವತ್ತರ ಹತ್ತಿರದ ಗಂಭೀರ ಮನುಷ್ಯ. ಮೇಡಂ, ಒಳಗೆ ಬಂದು ಚಹಾ ಕುಡಿದೇ ಹೋಗಬೇಕು ಎಂದರು.

ಮಿಲ್ಲಿನ ಆವರಣದಲ್ಲೇ ಅವರ ಮನೆ. ಒಳಗೆ ಅವರ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಚಹಾ ಆಯಿತು, ಚುರುಮುರಿ ಆಯಿತು. ಏಳಬೇಕು ಅನ್ನುವಷ್ಟರಲ್ಲಿ ತಾಟಿನಲ್ಲಿ ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ತೆಂಗಿನಕಾಯಿ, ಕುಪ್ಪಸಕ್ಕೆ ಜಂಪರ್ ಪೀಸು ತಂದು ಉಡಿ ತುಂಬಲು ನಿಂತರು. ತವರಿನಿಂದ ಹೊರಡುವ ಮಗಳಿಗೆ ಸೆರಗಿನಲ್ಲಿ ತುಂಬಿ ಕಳಿಸುವ ಉಡಿ. ನಾನು ಚೂಡಿದಾರದಲ್ಲಿದ್ದೆ. ವೇಲನ್ನೇ ಸೆರಗು ಮಾಡಿ ಒಡ್ಡಿದೆ. ವೇಲಿನೊಳಗೆ ಉಡಿ ನಿಲ್ಲುವುದಿಲ್ಲ, ಮುಂದಿನ ಸಲ ಸೀರೆ ಉಟ್ಟು ಬಾ ಎಂದು ಆಕೆ ನಕ್ಕರು. ಇನ್ನು ಮೇಲೆ ನೀನು ಈ ಮನೆಯ ಮಗಳು, ಸಾವಕಾರರಿಗೆ ತಂಗಿ, ನನ್ನನ್ನು ವೈನಿ ಎಂದು ಕರೆ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ದುಡಿದ ಸಂಸ್ಥೆಯಲ್ಲಿ ಊಟ ಆಯಿತೇ ಎಂದು ಒಬ್ಬರೂ ಕೇಳಿರಲಿಲ್ಲ. ಮನೆಗೆ ಬಂದು ನೋಡಿದರೆ ಜಂಪರ್ ಪೀಸಿನ ಮಡಿಕೆಯಲ್ಲಿ ಒಂದು ಲಕೋಟೆ. ಒಳಗಿದ್ದ ಹಣ ನಾನು ಕೇಳಬಹುದಾಗಿದ್ದಕ್ಕಿಂತ ಕಡಿಮೆಯೇನಲ್ಲ. ಆದರೆ ಅದು ಎಷ್ಟಿರಬೇಕೆಂದು ತೀರ್ಮಾನಿಸಿದವರು ಅವರು.

ಅಲ್ಲಿಂದ ಹಾಗೆಯೇ ನಡೆಯಿತು. ಕರೆದಾಗ ಹೋಗುವುದು, ಸರಿ ಮಾಡುವುದು, ಉಡಿ ತುಂಬಿಸಿಕೊಂಡು ಬರುವುದು. ಮಿಲ್ಲಿಗೆ ಹೋಗುವ ದಿನ ನಾನು ಸೀರೆಯನ್ನೇ ಉಡತೊಡಗಿದೆ. ನೆರಿಗೆ ಎತ್ತಿ ಕಟ್ಟಿ ಮೇಜಿನ ಕೆಳಗೆ ತೂರುವ ಕಂಪ್ಯೂಟರ್ ಮೇಡಮ್ಮನನ್ನು ನೋಡಿ ಕಾಟಾದ ಹುಡುಗರು ಮುಖ ತಿರುಗಿಸಿ ನಗುತ್ತಿದ್ದರು. ಸಾವಕಾರರು ಮೇಡಂ ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದರು. ವೈನಿ ಎಂಬ ಮಾತು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ನನಗೆ ವೈನಿ ಎಂದರೆ ಒಬ್ಬಳೇ, ರಾಮದುರ್ಗದಲ್ಲಿರುವ ನನ್ನ ಅಣ್ಣನ ಹೆಂಡತಿ. ಸಾವಕಾರರ ಹೆಂಡತಿಯನ್ನು ಅಕ್ಕಾರ ಎಂದು ಕರೆದು ಪಾರಾದೆ.

ಮಗಳಾದ ಮೇಲೆ ಕೆಲಸಕ್ಕೆ ಹೊತ್ತು ಗೊತ್ತು ಇರುತ್ತದೆಯೇ? ಕಾಟಾ ಕೆಟ್ಟರೆ ಸರಿ, ಅದು ನನ್ನ ಧಂದೆ. ಟಿವಿಯಲ್ಲಿ ಚಾನೆಲ್ ಬರುತ್ತಿಲ್ಲ, ಸೊಸೆಯ ಫೋನಿನಲ್ಲಿ ಫೋಟೊ ತುಂಬಿಹೋಗಿವೆ, ಗ್ಯಾಸಿನ ನಂಬರ್ ಹತ್ತುತ್ತಿಲ್ಲ, ಎಲ್ಲದಕ್ಕೂ ಫೋನ್. ಅರ್ಧ ಕೆಲಸವನ್ನು ನಾನು ಮನೆಯಲ್ಲೇ ಕೂತು, ಅವರ ಪರದೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಮಾಡಿಬಿಡಬಹುದು. ಆದರೆ ಅವರಿಗೆ ಕಣ್ಣೆದುರು ಮನುಷ್ಯರು ಬೇಕು. ತಲೆಗೆ ನೀರು ಹಾಕಿಕೊಳ್ಳುವಾಗ ಬಚ್ಚಲಿನ ಗೂಡಿನಲ್ಲಿ ಫೋನ್ ಇಟ್ಟುಕೊಳ್ಳುತ್ತಿದ್ದೆ. ಮದುವೆಯ ಊಟಕ್ಕೆ ಹೋದರೆ ಬಾಗಿಲ ಹತ್ತಿರದ ಎಲೆಗೇ ಕೂರುತ್ತಿದ್ದೆ. ಹುಣ್ಣಿಮೆಯ ದಿನ ಸವದತ್ತಿಯ ಕಡೆಗೆ ಮುಖ ಹಾಕುತ್ತಿರಲಿಲ್ಲ. ದೇವಿಯ ಗುಡ್ಡಕ್ಕೆ ಹೋಗುವ ಗಾಡಿಗಳ ನಡುವೆ ಸಿಕ್ಕಿಬಿದ್ದರೆ ಮಿಲ್ಲಿಗೆ ಮುಟ್ಟುವುದು ಯಾವಾಗ? ಉದ್ದನೆಯ ಹಗ್ಗದಲ್ಲಿ ಕಟ್ಟಿದ ಎಮ್ಮೆಗೆ ಹಗ್ಗ ಬಿಗಿಯುವವರೆಗೆ ತಾನು ಬಯಲಿನಲ್ಲೇ ಇದ್ದೇನೆ ಅನ್ನಿಸುತ್ತದೆ. ನನಗೆ ಹಗ್ಗ ಬಿಗಿದದ್ದು ಒಂದು ಮುಂಜಾನೆ ಕಿತ್ತೂರಿನ ಆಸ್ಪತ್ರೆಗೆ ಹೊರಟಾಗ. ಸ್ಕೂಟರ್ ಹತ್ತುವ ಮೊದಲು ಸಾವಕಾರರಿಗೆ ಫೋನ್ ಮಾಡಿ, ಕಿತ್ತೂರಿಗೆ ಹೋಗಿ ಬರುತ್ತೇನೆ, ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆ ಎಂದು ಹೇಳುತ್ತಿದ್ದೆ. ಯಾರ ನೌಕರಿಯಲ್ಲೂ ಇಲ್ಲದ ನಾನು ರಜೆ ಕೇಳುತ್ತಿದ್ದೆ! ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೀಗಿರುವಾಗ ರಾಮದುರ್ಗದಿಂದ ವೈನಿಯ ಫೋನ್ ಬಂತು. ನಮ್ಮವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಅಣ್ಣನನ್ನು ಮದುವೆಯಾಗಿ ಬಂದ ವೈನಿಯೇ ನನಗೆ ಹೆರಳು ಹಾಕಿ ಶಾಲೆಗೆ ಕಳಿಸಿದವಳು. ಹೆಣ್ಣು ಹುಡುಗಿಗೆ ಕಂಪ್ಯೂಟರ್ ಯಾಕೆ ಎಂದು ಮನೆಯವರೆಲ್ಲ ಅಡ್ಡ ನಿಂತಾಗ ಜಗಳ ಮಾಡಿ ಧಾರವಾಡಕ್ಕೆ ಕಲಿಯಲು ಕಳಿಸಿದವಳೂ ಅವಳೇ. ಅಷ್ಟು ಮಾಡಿದವಳು ನನ್ನಿಂದ ಎಂದೂ ಏನನ್ನೂ ಕೇಳಿರಲಿಲ್ಲ. ಈಗ ಕೇಳಿದಳು. ಬೆಳಗಾವಿಯಲ್ಲಿ ಮೊಣಕಾಲಿನ ಆಪರೇಷನ್ ಆಗಬೇಕಿತ್ತು. ಮನೆಗೆ ಬಂದ ಮೇಲೆ ಹಗಲೆಲ್ಲ ಮತ್ತೆ ಮತ್ತೆ ಕಾಲು ಮಡಚಿಸಬೇಕು, ಇಲ್ಲದಿದ್ದರೆ ಮೊಣಕಾಲು ಹಾಗೆಯೇ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಣ್ಣನೂ ಇಬ್ಬರು ಗಂಡುಮಕ್ಕಳೂ ಗೊಬ್ಬರದ ಅಂಗಡಿಯಲ್ಲಿ. ಅವರು ಮನೆಯಲ್ಲಿದ್ದರೂ ಸ್ನಾನ ಮಾಡಿಸುವುದು, ಸೀರೆ ಉಡಿಸುವುದು ಅವರ ಕೈಲಾಗುವ ಕೆಲಸವಲ್ಲ. ಎಂಟು ಹತ್ತು ದಿನ ಬಂದು ಇರುತ್ತೀಯಾ ಎಂದು ಕೇಳಿದಳು, ಅದೂ ಸಂಕೋಚದಿಂದ. ಇರುತ್ತೇನೆ ಅಂದೆ. ಏನೇ ಆದರೂ ಇರುತ್ತೇನೆ ಅಂದೆ.

ಧಾರವಾಡದಲ್ಲಿ ನನ್ನಂತೆಯೇ ಸ್ವಂತ ಕೆಲಸ ಮಾಡುವ ಹಳೆಯ ಸಹೋದ್ಯೋಗಿಯೊಬ್ಬ ಇದ್ದಾನೆ. ಆ ಎಂಟು ಹತ್ತು ದಿನ ನನ್ನ ಗಿರಾಕಿಗಳನ್ನು ನೋಡಿಕೋ ಎಂದು ಅವನನ್ನು ಕೇಳಿದೆ. ಅವನು ಮುಲಾಜಿಲ್ಲದೆ ಹೇಳಿದ:

"ಅಕ್ಕಾ, ನಾ ಬಂದ ಕೆಲಸ ಮಾಡಿದ್ದರ ರೊಕ್ಕಾ ಬ್ಯಾರೆ. ಎಲ್ಲೂ ಹೋಗದ ನಿಮ್ಮವರ ಸಲುವಾಗಿ ಕುಂದ್ರತೇನಲ್ಲಾ, ಅದರ ರೊಕ್ಕಾ ಬ್ಯಾರೆ."

ಇಷ್ಟು ವರ್ಷ ನನಗೆ ಹೇಳಲು ಬಾರದ ಮಾತನ್ನು ಅವನು ಚಹಾದ ದರ ಹೇಳುವಷ್ಟು ಸಲೀಸಾಗಿ ಹೇಳಿದ್ದ. ಅವನಿಗೆ ಕೊಡಬೇಕಾದರೆ ಮೊದಲು ನನಗೆ ಬರಬೇಕು. ಆ ದಿನವೇ ಕೂತು ಒಂದು ಹಾಳೆಯಲ್ಲಿ ದರ ಬರೆದೆ. ಕರೆದರೆ ಬರಲು ತಯಾರಿರುವುದಕ್ಕೆ ತಿಂಗಳಿಗೆ ಇಷ್ಟು, ಬಂದರೆ ಬಂದದ್ದಕ್ಕೆ ಇಷ್ಟು, ಭಾನುವಾರ ಮತ್ತು ಹಬ್ಬಕ್ಕೆ ಎರಡು ಪಟ್ಟು. ನಾನು ಊರಲ್ಲಿಲ್ಲದಾಗ ನನ್ನ ಬದಲಿಗೆ ಬರುವವರನ್ನು ಒಪ್ಪಿಕೊಳ್ಳಬೇಕು. ಕಿತ್ತೂರಿನ ಡಾಕ್ಟರು ಹಾಳೆ ನೋಡಿ ದೊಡ್ಡದಾಗಿ ನಕ್ಕರು. ಊಟದ ತಟ್ಟೆ ಬಿಟ್ಟು ಎದ್ದು ಹೋಗುವವರ ಕಷ್ಟ ನನಗೆ ಹೇಳಬೇಕೇ ಎಂದು ಅಲ್ಲೇ ಒಪ್ಪಿದರು. ಸವದತ್ತಿಯ ಸಂಘದ ಮ್ಯಾನೇಜರರಿಗೆ ದರದ ಬಗ್ಗೆ ತಕರಾರಿರಲಿಲ್ಲ, ಕಾಯುವುದು ಎಂಬ ಶಬ್ದದ ಬಗ್ಗೆ ಇತ್ತು. ಸುಮ್ಮನೆ ಕಾಯುವವರಿಗೆ ಹಣ ಕೊಟ್ಟೆವೆಂದರೆ ಆಡಿಟಿನವರು ಬಿಡುವುದಿಲ್ಲ, ವಾರ್ಷಿಕ ನಿರ್ವಹಣೆ ಎಂದು ಬರೆಯಿರಿ ಎಂದರು. ಬರೆದೆ. ಇಷ್ಟು ಸುಲಭವಾದದ್ದಕ್ಕೆ ಇಷ್ಟು ದಿನ ಒದ್ದಾಡಿದೆನೇ ಎಂದು ನಗು ಬಂತು.

ಉಳಿದದ್ದು ಮಿಲ್ಲು. ಅಲ್ಲಿ ನಾನು ಮಾಡಿದ ತಪ್ಪೆಂದರೆ ಶುಕ್ರವಾರ ಹೋದದ್ದು. ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಸಾವಕಾರರ ಹೆಂಡತಿ ಬರಿಗೈಲಿ ಬಿಡುವವರಲ್ಲ. ನಾನು ಚೀಲದಿಂದ ಹಾಳೆ ತೆಗೆಯುವಷ್ಟರಲ್ಲಿ ಆಕೆ ತಾಟು ಹಿಡಿದು ಬಂದಾಗಿತ್ತು. ವೈನಿಯ ಆಪರೇಷನ್ನಿನ ಸುದ್ದಿ ಅವರಿಗೆ ಮುಟ್ಟಿತ್ತು. ತಂಗಿ ರಾಮದುರ್ಗಕ್ಕೆ ಹೊರಟಿದ್ದಾಳೆ, ಖಾಲಿ ಉಡಿಯಲ್ಲಿ ಹೋಗಬಾರದು ಎಂದು ಅಕ್ಕಿ ಸುರಿದರು. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ದರದ ಹಾಳೆ. ಉಡಿ ತುಂಬಿದ ಮೇಲೆ ನಾಲ್ಕು ಕಾಳು ಆ ಮನೆಗೇ ತಿರುಗಿ ಹಾಕಿ, ನಮಸ್ಕಾರ ಮಾಡಿ, ನೆಟ್ಟಗೆ ಹೊಸ್ತಿಲು ದಾಟಬೇಕು. ಮತ್ತೆ ಕೂತು ವ್ಯವಹಾರದ ಮಾತು ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ತುಂಬಿದ ಉಡಿಯಲ್ಲಿ ಚೌಕಾಸಿ ಮಾಡಿದ ಹೆಣ್ಣುಮಗಳನ್ನು ನಾನಂತೂ ಕಂಡಿಲ್ಲ. ಹಾಳೆಯನ್ನು ಅಕ್ಕಿಯ ಜೊತೆ ಸೆರಗಿಗೆ ಸೇರಿಸಿ ಹೊರಗೆ ಬಂದೆ.

ಗೇಟಿನಲ್ಲಿ ಸಾವಕಾರರು ಸಿಕ್ಕರು. ಧಾರವಾಡದವನ ನಂಬರ್ ಕೊಟ್ಟು, ನಾನು ಬರುವವರೆಗೆ ಏನೇ ಆದರೂ ಇವನನ್ನು ಕರೆಯಿರಿ ಎಂದೆ. ಆಗಲಿ ಆಗಲಿ, ನೀನು ವೈನಿಯನ್ನು ನೋಡಿಕೋ, ಇಲ್ಲಿಯ ಚಿಂತೆ ಬಿಡು ಎಂದು ಮನಸ್ಸು ತುಂಬಿ ಹೇಳಿದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಈಗಲೂ ನಾನು ಹಾಗೆಯೇ ತಿಳಿದಿದ್ದೇನೆ. ಧಾರವಾಡದವನಿಗೆ ಮಿಲ್ಲಿನ ಪಾಲನ್ನು ನನ್ನ ಕೈಯಿಂದಲೇ ಕೊಟ್ಟರಾಯಿತು ಎಂದು ಬಸ್ಸು ಹತ್ತಿದೆ.

ರಾಮದುರ್ಗದಲ್ಲಿ ಎರಡನೆಯ ಮುಂಜಾನೆ. ವೈನಿಯ ಮೊಣಕಾಲ ಕೆಳಗೆ ನನ್ನ ಎರಡೂ ಕೈ ಇದ್ದವು. ಹಿಮ್ಮಡಿಯನ್ನು ಹಾಸಿಗೆಗೆ ಉಜ್ಜಿಕೊಳ್ಳುತ್ತ ಹಗುರಕ್ಕೆ ತನ್ನ ಕಡೆ ಎಳೆದುಕೊಳ್ಳಬೇಕು. ಅವಳು ಹಲ್ಲು ಕಚ್ಚಿ, ನನ್ನ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು ಮುಟ್ಟಿದರೆ ಚೀರುತ್ತಿದ್ದವಳು ನನ್ನ ಕೈಯಲ್ಲಿ ಕಾಲು ಬಿಟ್ಟುಕೊಟ್ಟಿದ್ದಳು. ಕಿಟಕಿಯಲ್ಲಿಟ್ಟ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ತಗೋ ಎಂದು ವೈನಿಯೇ ಹೇಳಿದಳು.

ಮಿಲ್ಲಿನ ಕಂಪ್ಯೂಟರ್ ಶುರುವೇ ಆಗುತ್ತಿರಲಿಲ್ಲ. ಟ್ರ್ಯಾಕ್ಟರುಗಳು ಮತ್ತೆ ರಸ್ತೆಗೆ ಬಂದಿದ್ದವು. ಧಾರವಾಡದವನಿಗೆ ಹೇಳಿ, ಅವನು ಕಾಯುತ್ತಿದ್ದಾನೆ ಎಂದೆ. ಸಾವಕಾರರು ಒಪ್ಪಲಿಲ್ಲ.

"ಹೊರಗಿನವನ ಕೈಯಾಗ ತೂಕದ ಲೆಕ್ಕಾ ಹೆಂಗ ಕೊಡ್ಲಿ ತಂಗಿ? ಮನಿ ಮಗಳು ನೀ ಇದ್ದೀ. ಗಾಡಿ ಕಳಿಸೇನಿ, ಆಗಲೇ ಕಟಕೋಳ ದಾಟೈತಿ."

ಬರುವುದಿಲ್ಲ ಎನ್ನಬೇಕಿತ್ತು. ಬೇರೆ ಯಾವ ಗಿರಾಕಿಗಾದರೂ ಹಾಗೆ ಹೇಳಿ ಫೋನ್ ಇಡುತ್ತಿದ್ದೆ. ಆದರೆ ನನ್ನನ್ನು ಕರೆದೊಯ್ಯಲು ಕಟಕೋಳ ದಾಟಿ ಬರುತ್ತಿರುವ ಗಾಡಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವುದು ಹೇಗೆ? ದರ ಮೊದಲೇ ಗೊತ್ತುಮಾಡಿದ್ದರೆ ದರದ ಮಾತು ಹೇಳಬಹುದಿತ್ತು. ನನ್ನ ಬದಲಿಯವರನ್ನು ಒಪ್ಪಿಕೊಂಡಿದ್ದೀರಿ ಎಂದು ಹಾಳೆಯ ಮಾತು ನೆನಪಿಸಬಹುದಿತ್ತು. ನನ್ನ ಹತ್ತಿರ ಇದ್ದದ್ದು ಅವರ ಮನೆಯ ಉತ್ತತ್ತಿ, ತೆಂಗಿನಕಾಯಿ. ವೈನಿಯ ಕಡೆ ನೋಡಿದೆ. ಅವಳು ಕಾಲನ್ನು ತಾನೇ ಮೆಲ್ಲಗೆ ಚಾಚಿಕೊಂಡಳು. ಹೋಗು, ಕಾಲು ಎಲ್ಲಿಗೂ ಓಡುವುದಿಲ್ಲ, ಇಲ್ಲೇ ಇರುತ್ತದೆ ಎಂದಳು.

ಮುಂಜಾನೆ ಹೋಗಿ ಸಂಜೆಗೆ ಬರುತ್ತೇನೆ ಎಂದು ಬಟ್ಟೆಯ ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದೆ. ಮಿಲ್ಲಿನಲ್ಲಿ ನೋಡಿದರೆ ಕಂಪ್ಯೂಟರಿನ ಡಿಸ್ಕೇ ಹೋಗಿತ್ತು. ಹೊಸದು ಬೆಳಗಾವಿಯಿಂದ ಬರಬೇಕು. ಅಲ್ಲಿಯವರೆಗೆ ನನ್ನ ಲ್ಯಾಪ್‌ಟಾಪಿನ ಮೇಲೇ ಕಾಟಾ ನಡೆಸಬೇಕು. ಹೊಸದು ಬಂದ ಮೇಲೆ ಹಳೆಯ ತೂಕಗಳನ್ನೆಲ್ಲ ನಾನು ಬೇರೆ ಕಡೆ ತೆಗೆದಿಟ್ಟಿದ್ದ ಪ್ರತಿಯಿಂದ ಎತ್ತಿ ಹೊಂದಿಸಬೇಕು. ಒಂದು ದಿನ ಎಂದದ್ದು ವಾರವಾಯಿತು. ದಿನಾ ಸಂಜೆ ರಾಮದುರ್ಗಕ್ಕೆ ಫೋನ್ ಮಾಡುತ್ತಿದ್ದೆ. ನಡೆದಿದೆ, ನೀನು ಕೆಲಸ ಮುಗಿಸಿಕೊಂಡು ಬಾ ಎನ್ನುತ್ತಿದ್ದಳು ವೈನಿ. ಕಾಲು ಮಡಚಿಸುವವರು ಯಾರು ಎಂದರೆ ಹೆಂಗೋ ನಡೀತೈತಿ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ನಾನು ಕಾಟಾದ ಕೋಣೆಯಲ್ಲಿ ಕೂತು ತೂಕದ ಚೀಟಿಗಳು ಒಂದರ ಹಿಂದೊಂದು ಹೊರಬರುವುದನ್ನು ನೋಡುತ್ತಿದ್ದೆ. ಆ ವಾರ ಮಿಲ್ಲಿನ ಊಟ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾಯಿಪಲ್ಲೆ ಸೇರುವುದಿಲ್ಲವೇ ಎಂದು ಸಾವಕಾರರ ಹೆಂಡತಿ ಕಾಳಜಿಯಿಂದ ಕೇಳಿದರು. ಜೈಲಿನಲ್ಲಿಟ್ಟವರು ಬಯ್ಯುವವರಾದರೆ ಎಷ್ಟೋ ವಾಸಿ, ತಿರುಗಿ ಬಯ್ಯಬಹುದು.

ಎಲ್ಲ ಸರಿಯಾಗಿ ನಾನು ಹೊರಡುವ ದಿನ ಆಕೆ ತಾಟು ಹಿಡಿದು ಬಂದರು. ಜಂಪರ್ ಪೀಸಿನ ಬದಲು ಈ ಸಲ ಸೀರೆಯೇ ಇತ್ತು, ಹಸಿರು ಅಂಚಿನ ಇಳಕಲ್ ಸೀರೆ. ಸಾವಕಾರರೂ ಕಟ್ಟೆಯ ಮೇಲೆ ಕೂತಿದ್ದರು. ನಾನು ಸೆರಗು ಒಡ್ಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅಕ್ಕಾರ, ಇವತ್ತ ಉಡಿ ಬ್ಯಾಡ್ರಿ. ಮೊದಲ ದರಾ ಮಾತಾಡೂಣು."

ಆಕೆ ತಾಟು ಹಿಡಿದು ನಿಂತೇ ಇದ್ದರು. ಉಡಿ ಬೇಡವೆನ್ನುವ ಹೆಣ್ಣನ್ನು ಅವರು ಅದುವರೆಗೆ ನೋಡಿರಲಿಕ್ಕಿಲ್ಲ. ನಾನೂ ನೋಡಿರಲಿಲ್ಲ.

"ತವರಮನ್ಯಾಗ ಯಾರರ ದರಾ ಹೇಳ್ತಾರೇನ ತಂಗಿ?" ಎಂದು ಕಟ್ಟೆಯಿಂದ ಸಾವಕಾರರು ಕೇಳಿದರು.

"ನನ್ನ ತವರಮನಿ ರಾಮದುರ್ಗದಾಗ ಐತ್ರಿ," ಎಂದೆ. "ಅಲ್ಲೆ ನಮ್ಮ ವೈನಿ ಕಾಲ ಮಡಚಾಕ ಬರದ ಮಲಗ್ಯಾಳ. ನಾ ಇಲ್ಲಿ ಕುಂತೇನಿ."

ಹಾಳೆಯನ್ನು ಸಾವಕಾರರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಕಾಯುವುದಕ್ಕೆ ಯಾಕೆ, ಹಬ್ಬಕ್ಕೆ ಯಾಕೆ ಎಂದು ಕೇಳಲಿಲ್ಲ. ಬದಲಿಗೆ ಬರುವವನ ಬಗ್ಗೆಯೂ ಕೇಳಲಿಲ್ಲ. ಒಂದು ಮಾತಿಗೂ ಚೌಕಾಸಿ ಮಾಡದೆ ಸಹಿ ಹಾಕಿದರು.

"ಮೊದಲ ಹೇಳಿದ್ರ ಮೊದಲ ಕೊಡ್ತಿದ್ನಲ್ರಿ ಮೇಡಂ," ಎಂದರು.

ಮತ್ತೆ ಮೇಡಂ ಆಗಿದ್ದೆ. ಸಾವಕಾರರ ಹೆಂಡತಿ ತಾಟನ್ನು ಹಾಗೆಯೇ ಒಳಗೆ ಒಯ್ದರು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಅಪ್ಪಟ ಪ್ರೀತಿಯಿಂದ ಅನ್ನ ಹಾಕಿದವರ ಮುಖಕ್ಕೆ ಬಾಗಿಲು ಹಾಕಿದೆ ಅನ್ನಿಸಿತು. ಜೊತೆಗೆ ಕೋಪವೂ ಇತ್ತು. ಇಷ್ಟು ಸುಲಭಕ್ಕೆ ಒಪ್ಪುವವರಿದ್ದರೆ ನಾನು ಯಾತಕ್ಕೆ ಹೆದರಿದೆ? ಗಾಡಿ ಕಳಿಸುತ್ತೇನೆ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಡೆದು ಬಸ್ ಸ್ಟ್ಯಾಂಡಿಗೆ ಹೋದೆ. ಧಾರವಾಡದವನಿಗೆ ಫೋನ್ ಮಾಡಿ, ಇವತ್ತಿನಿಂದ ಮೂರೂ ಕಡೆಯವರು ನಿನಗೇ ಫೋನ್ ಮಾಡುತ್ತಾರೆ, ತಿಂಗಳು ತುಂಬುವವರೆಗೆ ನನ್ನನ್ನು ಕೇಳಬೇಡ ಎಂದೆ. ಬಸ್ಸಿನಲ್ಲಿ ಕೂತು ಫೋನ್ ಬಂದ್ ಮಾಡಿದೆ. ಯರಗಟ್ಟಿ ದಾಟಿದ ಮೇಲೂ ನನ್ನ ಕೈ ತಾನಾಗಿ ಚೀಲದೊಳಗೆ ಹೋಗಿ ಅದನ್ನು ಮುಟ್ಟಿ ನೋಡುತ್ತಿತ್ತು.

ಮನೆಗೆ ಹೋದಾಗ ವೈನಿ ವಾಕರ್ ಹಿಡಿದು ಪಡಸಾಲೆಯವರೆಗೆ ಬಂದು ನಿಂತಿದ್ದಳು. ಮೊಣಕಾಲು ಚೆನ್ನಾಗಿಯೇ ಮಡಚುತ್ತಿತ್ತು. ನಾನು ಗಾಡಿ ಹತ್ತಿದ ದಿನವೇ ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿಕೊಂಡಿದ್ದಳಂತೆ. ಆಕೆ ಮುಂಜಾನೆ ಬಂದು ಸ್ನಾನ ಮಾಡಿಸಿ, ಹೊತ್ತು ಹೊತ್ತಿಗೆ ಕಾಲು ಮಡಚಿಸಿ, ಸಂಜೆ ದೀಪ ಹಚ್ಚಿದ ಮೇಲೆ ಹೋಗುತ್ತಾಳೆ. ನನ್ನ ಬಟ್ಟೆಯ ಚೀಲ ನಾನು ಬಿಟ್ಟಲ್ಲೇ ಇತ್ತು. ನಾನು ಉತ್ಸಾಹದಿಂದ ಮಿಲ್ಲಿನ ಕಥೆಯನ್ನೆಲ್ಲ ಹೇಳಿದೆ. ಸಹಿ ಹಾಕಿದ್ದು, ಫೋನ್ ಬಂದ್ ಮಾಡಿದ್ದು, ಒಂದು ತಿಂಗಳು ಯಾರೂ ನನ್ನನ್ನು ಕರೆಯುವಂತಿಲ್ಲ ಎಂಬುದು. ಇನ್ನು ಮುಂದೆ ನೀನು ಯಾವಾಗ ಕರೆದರೂ ಬರುತ್ತೇನೆ ವೈನಿ ಎಂದೆ.

ವೈನಿ ಹಾಸಿಗೆಗೆ ಬಂದು ಕೂತು, ಎರಡೂ ಕೈಯಿಂದ ಕಾಲನ್ನು ಎತ್ತಿ ಮೇಲಿಟ್ಟುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆಕಿಗೆ ದಿನದ ಪಗಾರ ಮಾತಾಡೇನಿ. ಅದಕ್ಕ ಬಾ ಅಂತೇನಿ, ಬರತಾಳ. ನಿನಗ ಏನ ಕೊಟ್ಟೇನಂತ ಕರೀಲಿ?"

ಹೆರಳು ಹಾಕಿದ್ದು, ಧಾರವಾಡಕ್ಕೆ ಕಳಿಸಿದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಅದನ್ನು ನಾನು ಬಾಯಿ ಬಿಟ್ಟು ಹೇಳಿದರೆ ಅವಳು ಕೊಟ್ಟದ್ದಕ್ಕೆಲ್ಲ ದರ ಕಟ್ಟಿದ ಹಾಗಾಗುತ್ತಿತ್ತು. ಅಷ್ಟರಲ್ಲಿ ಆ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು, ಕಾಲು ಮಡಚಿಸುವ ಹೊತ್ತಾಗಿತ್ತು. ನಾನು ಹಾಸಿಗೆಯ ತುದಿಯಲ್ಲಿ, ಅವಳು ಕೂರಬೇಕಾದ ಜಾಗದಲ್ಲಿ ಕೂತಿದ್ದೆ. ಸ್ವಲ್ಪ ಸರೀರಿ ಅಕ್ಕಾರ ಎಂದಳು. ನಾನು ಸರಿದು ಕೂತೆ.